ಕೆಳಗಿನಿಂದ ಬರೆದ ಪಟ್ಟಿ

ನನ್ನ ಭಾವಮೈದ ದರ್ಜಿ. ಆ ಮಧ್ಯಾಹ್ನ ಅವನ ಅಂಗಡಿಯ ಕನ್ನಡಿಯ ಮುಂದೆ ಹೊಸ ಪ್ಯಾಂಟು ತೊಟ್ಟುಕೊಂಡು ನಾನು ಎರಡೂ ಕೈ ಎತ್ತಿ ನಿಂತಿದ್ದೆ. ಅವನು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ನನ್ನ ಸೊಂಟಕ್ಕೆ ಟೇಪು ಸುತ್ತಿದ. ಸುತ್ತಿದವನು ಸೂಜಿಗಳನ್ನು ಅಂಗೈಗೆ ಉಗುಳಿಕೊಂಡು ಅಂದ:

"ಭಾವ, ಹೋದ ತಿಂಗಳು ಮೂವತ್ನಾಲ್ಕಿತ್ತು, ಈಗ ಮೂವತ್ತೆರಡು. ಹೀಗೇ ಇಳೀತಾ ಹೋದ್ರೆ ಗುಹೆ ಒಳಗೆ ಪ್ಯಾಂಟು ಮಾತ್ರ ನಡ್ಕೊಂಡು ಹೋಗುತ್ತೆ, ನೀವು ಇರಲ್ಲ."

"ಲಾಡಿ ಹಾಕ್ಬಿಡು, ಕಟ್ಕೋತೀನಿ."

"ಲಾಡಿ ಹಾಕೋಕೆ ನಲವತ್ತು ವರ್ಷದ ಕಸುಬುದಾರ ಬೇಕಾ? ನೆಟ್ಟಗೆ ನಿಂತ್ಕೊಳ್ಳಿ."

ಅದೇ ಬಟ್ಟೆಯಲ್ಲಿ ತನಗೂ ಒಂದು ಪ್ಯಾಂಟು ಹೊಲಿದುಕೊಂಡು ಗೂಟಕ್ಕೆ ತೂಗುಹಾಕಿದ್ದ. ಬೇಗ ಒಣಗುವ ಬಟ್ಟೆ. ಮೊಣಕಾಲುದ್ದ ನೀರಿನಲ್ಲಿ ನಡೆಯಬೇಕಾಗುತ್ತದೆ ಎಂದು ನಮಗೆ ಹೇಳಿದ್ದರು. ನಾವು ಹೊರಟಿದ್ದದ್ದು ವಿಯೆಟ್ನಾಂ ದೇಶದ ಒಂದು ಹಳ್ಳಿಗಾಡಿಗೆ. ಅಲ್ಲಿ ಸುಣ್ಣಕಲ್ಲಿನ ಗುಡ್ಡಗಳ ಹೊಟ್ಟೆಯಲ್ಲಿ ಹೊಳೆ ಹರಿದು ದೊಡ್ಡ ದೊಡ್ಡ ಗುಹೆಗಳಾಗಿವೆ. ಅಂಥದೊಂದು ಗುಹೆಯೊಳಗೆ ಎರಡು ದಿನದ ನಡಿಗೆ. ಕರೆದೊಯ್ಯುವವರು ಆ ಹಳ್ಳಿಯವರೇ. ಒಂದು ತಂಡಕ್ಕೆ ಹತ್ತೇ ಜನ. ಎಪ್ಪತ್ತು ತುಂಬಿದವರನ್ನು ಅವರು ಒಳಗೆ ಬಿಡುವುದಿಲ್ಲ.

ಆ ಹೊತ್ತಿಗೆ ಟ್ರಾವೆಲ್ಸಿನ ಹುಡುಗಿಯಿಂದ ಫೋನಿಗೆ ಕಾಗದ ಬಂತು. ಕನ್ನಡಕ ಹಾಕಿಕೊಂಡು ಓದಿದೆ. ನಡಿಗೆ ಶುರುವಾಗುವ ದಿನ, ತಾರೀಖು ಹದಿನೆಂಟು.

ಇನ್ನೊಮ್ಮೆ ಓದಿದೆ. ನಾನು ಲೆಕ್ಕ ಹಾಕಿದ್ದು ಹನ್ನೊಂದು. ಹದಿನೈದಕ್ಕೆ ನನಗೆ ಎಪ್ಪತ್ತು ತುಂಬುತ್ತದೆ.

"ಆ ಹುಡುಗಿ ಎಡವಟ್ಟು ಮಾಡಿದ್ದಾಳೆ," ಎಂದು ಭಾವಮೈದ ರೇಗಿದ. "ಕೊಡಿ ಇಲ್ಲಿ ಫೋನು, ನಾನು ಮಾತಾಡ್ತೀನಿ."

"ಬೇಡ," ಎಂದೆ. ಎಡವಟ್ಟು ಯಾರದೆಂದು ನನಗೆ ಅಷ್ಟರಲ್ಲಿ ಹೊಳೆದಿತ್ತು.

ನಾನು ಮೂವತ್ತಾರು ವರ್ಷ ಬಸ್ ಡಿಪೊದಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತನಾಗಿದ್ದೆ. ನಮ್ಮಲ್ಲಿ ಬಸ್ಸು ಯಾವಾಗ ಹೊರಡಬೇಕೆಂದು ಮೊದಲು ಯೋಚಿಸುವುದಿಲ್ಲ. ಎಷ್ಟು ಹೊತ್ತಿಗೆ ಡಿಪೊಗೆ ಮರಳಿರಬೇಕು ಎಂಬುದನ್ನು ಹಾಳೆಯ ತಲೆಯ ಮೇಲೆ ಬರೆಯುತ್ತೇವೆ. ಅದರ ಕೆಳಗೆ ಕೊನೆಯ ನಿಲ್ದಾಣ, ಅದರ ಕೆಳಗೆ ಅದರ ಹಿಂದಿನದು. ಹೊರಡುವ ಹೊತ್ತು ತಳದಲ್ಲಿ ಬರುತ್ತದೆ. ಡ್ರೈವರುಗಳೆಲ್ಲ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ನಿವೃತ್ತನಾಗಿ ಹತ್ತು ವರ್ಷವಾದರೂ ಕೈ ಮರೆತಿಲ್ಲ. ಈ ಪ್ರವಾಸಕ್ಕೂ ಹಾಗೆಯೇ ಬರೆದುಕೊಟ್ಟಿದ್ದೆ. ಮೇಲೆ ದೊಡ್ಡ ಪಟ್ಟಣ ಮೂರು ದಿನ, ನಡುವೆ ಸಮುದ್ರದ ದಂಡೆ ನಾಲ್ಕು ದಿನ, ತಳದಲ್ಲಿ ಗುಹೆಯ ಹಳ್ಳಿ ನಾಲ್ಕು ದಿನ. ಒಂಬತ್ತಕ್ಕೆ ಶುರು ಎಂದು ಬಾಯಲ್ಲಿ ಹೇಳಿದ್ದೆ, ಪಟ್ಟಿಯಲ್ಲಿ ತಾರೀಖು ಹಾಕಲಿಲ್ಲ. ಹುಡುಗಿ ಓದು ಬಲ್ಲವರೆಲ್ಲ ಓದುವಂತೆ ಮೇಲಿನಿಂದ ಓದಿದಳು. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಕೊನೆಗೆ ಹೋಯಿತು.

ಭಾವಮೈದ ತಲೆಯ ಮೇಲೆ ಕೈ ಹೊತ್ತುಕೊಂಡು ಸ್ಟೂಲಿನ ಮೇಲೆ ಕುಳಿತ. "ಅಕ್ಕ ಹೇಳ್ತಿದ್ಲು, ನಿಮ್ಮ ಭಾವನ ಹತ್ರ ಮದುವೆ ಕಾಗದ ಬರೆಸಿದ್ರೆ ಊಟದಿಂದ ಶುರು ಮಾಡ್ತಾರೆ ಅಂತ."

ಅವನ ಅಕ್ಕ ನನ್ನ ಹೆಂಡತಿ. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಅವಳನ್ನು ದೇವರು ಕರೆದುಕೊಂಡು ಎಂಟು ತಿಂಗಳಾಯಿತು. ಪ್ರತಿ ವರ್ಷ ಒಂದು ದಿನ ತರಗತಿಗೆ ಸುಣ್ಣಕಲ್ಲಿನ ತುಂಡು ತಂದು, ಅದರ ಮೇಲೆ ನಿಂಬೆರಸ ಹಿಂಡಿ, ಬುರುಬುರು ನೊರೆ ಏಳುವುದನ್ನು ಮಕ್ಕಳಿಗೆ ತೋರಿಸುವಳು. "ನೀರು ಹೀಗೇ ಗುಡ್ಡ ತಿನ್ನೋದು, ಆದ್ರೆ ಅದಕ್ಕೆ ಅವಸರ ಇಲ್ಲ," ಎನ್ನುವಳು. ಆ ಗುಹೆಯ ವಿಷಯ ಎಲ್ಲಿ ಕಂಡರೂ ಕತ್ತರಿಸಿ ನೋಟುಪುಸ್ತಕಕ್ಕೆ ಅಂಟಿಸಿದ್ದಳು. ಗುಹೆಯ ನಡುವೆ ಒಂದು ಕಡೆ ಎಲ್ಲರ ತಲೆಯ ಮೇಲಿನ ದೀಪಗಳನ್ನೂ ಆರಿಸಿಬಿಡುತ್ತಾರೆಂದು ಯಾರೋ ಬರೆದದ್ದನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ನನಗೆ ತೋರಿಸಿದ್ದಳು.

"ರೀ, ಅಷ್ಟು ಕತ್ತಲೇಲಿ ನಿಂತು ದೇವರ ಹೆಸರು ಒಂದ್ಸಲ ಗಟ್ಟಿಯಾಗಿ ಕರೀಬೇಕು. ಅದು ಎಲ್ಲಿಂದ ತಿರುಗಿ ಬರುತ್ತೆ ಅಂತ ಕೇಳ್ಬೇಕು."

ಮುಂದಿನ ವರ್ಷ ನೋಡೋಣ ಎಂದೆ. ಹಾಗೆ ಐದು ವರ್ಷ ಎಂದೆ. ಕೊನೆಗೆ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕುಳಿತು, ನಾನು ಹೋಗಿ ಕರೆಯುತ್ತೇನೆ ಎಂದು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅವಳು ಹೋದ ಮೇಲೆ ನನ್ನ ಪ್ರಾರ್ಥನೆ ತುಟಿಯೊಳಗೇ ಉಳಿದಿದೆ. ಹೊತ್ತು ತಪ್ಪಿಸದೆ ಕೂರುತ್ತೇನೆ, ಕಣ್ಣು ಮುಚ್ಚುತ್ತೇನೆ, ದನಿ ಮಾತ್ರ ಹೊರಡುವುದಿಲ್ಲ. ಅಲ್ಲಿಗೆ ಹೋದರೆ ಹೊರಟೀತು ಎಂಬ ಒಂದು ಆಸೆ ನನ್ನನ್ನು ಇಷ್ಟು ದಿನ ನಡೆಸಿತ್ತು.

ಟ್ರಾವೆಲ್ಸಿಗೆ ಫೋನು ಮಾಡಿದೆ. ತಪ್ಪು ನನ್ನದೇ ಎಂದು ಹೇಳಿ, ಹನ್ನೊಂದಕ್ಕೆ ಬದಲಿಸಲು ಸಾಧ್ಯವೇ ಎಂದು ಕೇಳಿದೆ.

"ಅಯ್ಯೋ ಅಂಕಲ್, ಅಲ್ಲಿ ಆಫೀಸು ಮುಚ್ಚೋ ಹೊತ್ತಾಗ್ತಾ ಬಂತು. ನಮ್ಮ ಮೂರೂವರೆಗೆ ಅವರು ಬಾಗಿಲು ಹಾಕ್ತಾರೆ. ಹೆಸರುಗಳನ್ನ ಪಕ್ಕಾ ಮಾಡೋಕೆ ಇವತ್ತೇ ಕೊನೆ. ಇರಿ, ಕೇಳಿ ಹೇಳ್ತೀನಿ. ಅಷ್ಟರಲ್ಲಿ ನಾನು ಮೊನ್ನೆ ಕೊಟ್ಟ ಗುಹೆ ಫಾರಂ ತುಂಬಿಟ್ಟಿರಿ."

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷ ಇತ್ತು. ಫಾರಂ ಕತ್ತರಿಸುವ ಮೇಜಿನ ಮೇಲೆ, ಸೀಮೆಸುಣ್ಣದ ಗೆರೆ ಹಾಕಿದ ಬಟ್ಟೆಯ ಪಕ್ಕದಲ್ಲಿ ಬಿದ್ದಿತ್ತು. ಭಾವಮೈದ ಅದನ್ನು ನನ್ನತ್ತ ತಳ್ಳಿದ.

"ಇಲ್ಲಿ ಹುಟ್ಟಿದ ತಾರೀಖು ಕೇಳಿಲ್ಲ ಭಾವ. 'ನಡಿಗೆಯ ದಿನ ವಯಸ್ಸು' ಅಂತ ಒಂದೇ ಖಾನೆ. ಅರವತ್ತೊಂಬತ್ತು ಅಂತ ಬರೀರಿ. ಮೂರು ದಿನದ ಮಾತು. ಹೊಲಿಗೆ ಒಳಗೆ ಅರ್ಧ ಇಂಚು ಮಡಚಿದ್ರೆ ಯಾರಿಗೆ ಕಾಣುತ್ತೆ?"

"ಪಾಸ್‌ಪೋರ್ಟ್ ನೋಡಿದ್ರೆ?"

"ನೋಡಿದ್ರೆ ಆಗ ನೋಡ್ಕೊಳ್ಳೋಣ. ಅಷ್ಟು ದೂರ ಬಂದ ಮುದುಕನ್ನ ವಾಪಸ್ಸು ಕಳಿಸ್ತಾರಾ? ನೀವು ಒಂದು ಮುಖ ಮಾಡ್ತೀರಲ್ಲ, ಹಲ್ಲುನೋವು ಬಂದೋರ ಥರ, ಅದನ್ನ ಮಾಡಿ."

ನಾನು ನಗಲಿಲ್ಲ. ಪೆನ್ನು ಎತ್ತಿಕೊಂಡೆ. ಸುಳ್ಳು ಹೇಳಬಾರದು ಎನ್ನುವವನು ಕೂಡಲೇ ಪೆನ್ನು ಕೆಳಗಿಟ್ಟೆ ಎಂದು ಬರೆದರೆ ಅದೇ ಇನ್ನೊಂದು ಸುಳ್ಳಾಗುತ್ತದೆ. ನಾನು ಆರು ಎಂದು ಬರೆದೆ. ಒಂಬತ್ತನ್ನು ಬರೆಯಲು ಕೈ ಅರ್ಧ ಸುತ್ತಿತ್ತು. ಆಗ ಆ ಕತ್ತಲೆ ಕಣ್ಣಿಗೆ ಕಟ್ಟಿತು. ದೀಪಗಳೆಲ್ಲ ಆರಿವೆ, ಹೊಳೆ ಎಲ್ಲೋ ಹರಿಯುತ್ತಿದೆ, ನಾನು ಬಾಯಿ ತೆರೆಯುತ್ತೇನೆ. ಮೋಸದಿಂದ ಹೊಕ್ಕ ಜಾಗದಲ್ಲಿ ನಿಂತು ಯಾವ ಬಾಯಲ್ಲಿ ದೇವರ ಹೆಸರು ಕರೆಯಲಿ?

ಆರನ್ನು ಹೊಡೆದುಹಾಕಿ ಎಪ್ಪತ್ತು ಎಂದು ಬರೆದೆ.

"ಮುಗೀತು," ಎಂದ ಭಾವಮೈದ. ಅವನ ದನಿಯಲ್ಲಿ ಸಿಟ್ಟಿತ್ತು. "ನಿಮ್ಮ ಸತ್ಯ ನಿಮ್ಮ ಹತ್ರ ಇಟ್ಕೊಳ್ಳಿ. ಅಕ್ಕನಿಗೆ ಕೊಟ್ಟ ಮಾತು ಹೊಳೇಲಿ ಹೋಗ್ಲಿ."

ಅವನು ಎದ್ದು ಹೋಗಿ ಮೆಷಿನ್ನಿನ ಮುಂದೆ ಕುಳಿತು, ಏನನ್ನೂ ಹೊಲಿಯದೆ ಸುಮ್ಮನೆ ಗಾಲಿ ತಿರುಗಿಸತೊಡಗಿದ. ಮೂರು ಹತ್ತಾಯಿತು. ಕಾಲಿನ ಬಳಿ ಚುಚ್ಚಿದ್ದ ಸೂಜಿಯೊಂದು ನನ್ನ ಹಿಮ್ಮಡಿಗೆ ತಾಗುತ್ತಿತ್ತು. ತೆಗೆಯಲು ಮನಸ್ಸಾಗಲಿಲ್ಲ. ಮೂರು ಹದಿನೆಂಟಕ್ಕೆ ಫೋನು ಬಂತು.

"ಅಂಕಲ್, ಹನ್ನೊಂದರ ತಂಡದಲ್ಲಿ ಒಂದು ಜಾಗ ಇದೆ. ಒಂದೇ. ಎರಡಿಲ್ಲ. ಅವರು ಹತ್ತು ನಿಮಿಷ ಕಾಯ್ತಾರಂತೆ. ಯಾರ ಹೆಸರು ಕೊಡ್ಲಿ?"

ಮಗಳನ್ನು ಕೇಳದೆ ನಾನು ಒಪ್ಪುವ ಹಾಗಿರಲಿಲ್ಲ. ಸೋದರಮಾವ ನಿಮ್ಮ ಪಕ್ಕದಲ್ಲೇ ಇರಬೇಕು, ಇಲ್ಲದಿದ್ದರೆ ಹೊಸಿಲು ದಾಟಿಸುವುದಿಲ್ಲ ಎಂದು ಅವಳು ಷರತ್ತು ಹಾಕಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಆಪರೇಷನ್ ಕೋಣೆಗೆ ಹೋದರೆ ಫೋನು ಬಂದ್. ಎರಡು ಸಲ ಮಾಡಿದೆ, ಎರಡು ಸಲವೂ ಬಂದ್.

ಮೆಷಿನ್ನಿನ ಗಾಲಿ ನಿಂತಿತ್ತು. ಭಾವಮೈದ ಗೂಟದಲ್ಲಿ ತೂಗುತ್ತಿದ್ದ ತನ್ನ ಪ್ಯಾಂಟನ್ನು ನೋಡುತ್ತಿದ್ದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ನನ್ನ ಹೆಂಡತಿಯೇ. ಮೊದಲ ಅಂಗಿಯ ಬಟ್ಟೆ ಕತ್ತರಿಸಲು ತನ್ನ ಸೀರೆ ಕೊಟ್ಟವಳೂ ಅವಳೇ. ನನಗೆ ಅದು ಆಗ ನೆನಪಾಯಿತು; ಎಂಟು ತಿಂಗಳಲ್ಲಿ ಒಂದು ದಿನವೂ ನೆನಪಾಗಿರಲಿಲ್ಲ.

"ನೀನೇ ಹೋಗು," ಎಂದೆ. "ನನಗಿಂತ ಮುಂಚೆ ನಿನಗೆ ಅವಳು ಅಕ್ಕ. ನೀನು ಕರೆದ್ರೂ ಒಂದೇ."

ಅವನು ತಕ್ಷಣ ಬೇಡ ಎನ್ನಲಿಲ್ಲ. ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಅಂಗುಸ್ತಾನವನ್ನು ತೆಗೆದ, ಮತ್ತೆ ಹಾಕಿಕೊಂಡ. ಮೂರು ಇಪ್ಪತ್ತೆರಡು.

"ಒಂದೇ ಹೇಗಾಗುತ್ತೆ?" ಎಂದ ಕೊನೆಗೆ. "ಅವಳು ಕೇಳಿದ್ದು ನಿಮ್ಮನ್ನ. ನನ್ನ ಕೇಳಿದ್ರೆ ಐದು ವರ್ಷ ಹಿಂದೇನೇ ಕರ್ಕೊಂಡು ಹೋಗ್ತಿದ್ದೆ."

ಆ ಮಾತು ನಾಟಿತು. ನಾಟಲಿ ಎಂದೇ ಆಡಿದ್ದ. ಆಮೇಲೆ ಮುಖ ತಿರುಗಿಸಿ, "ನನಗಿನ್ನೂ ಅರವತ್ಮೂರು," ಎಂದ. "ಏಳು ವರ್ಷದ ಬಟ್ಟೆ ಉಳಿದಿದೆ. ನಿಮ್ಮ ಥಾನು ಮುಗೀತು. ಹೇಳಿ ಆ ಹುಡುಗಿಗೆ."

"ಮಗಳು?"

"ಹಳ್ಳಿ ತನಕ ನಾನೂ ಬರ್ತೀನಲ್ಲ. ಗುಹೆ ಬಾಯಲ್ಲಿ ಒಂದು ಕಲ್ಲು ಹುಡುಕ್ಕೊಂಡು ಎರಡು ದಿನ ಕೂತಿರ್ತೀನಿ. ಪಕ್ಕದಲ್ಲೇ ಅಂದ್ರೆ ಎಷ್ಟು ಗಜ ಅಂತ ಅವಳು ಅಳತೆ ಕೊಟ್ಟಿಲ್ಲ."

"ಇದೂ ಮಡಚಿ ಹೊಲಿಯೋದೇ ಅಲ್ವಾ?"

"ಇದನ್ನ ಸಂಜೆ ಅವಳಿಗೆ ನೀವೇ ಬಿಚ್ಚಿ ತೋರಿಸಿ. ಬೈಗುಳ ಅರ್ಧರ್ಧ. ಮಾಡಿ ಫೋನು!"

ಮೂರು ಇಪ್ಪತ್ತಾರಕ್ಕೆ ಫೋನು ಮಾಡಿದೆ. ನನ್ನ ಹೆಸರು ಕೊಟ್ಟೆ. ನಡಿಗೆಯ ದಿನ ವಯಸ್ಸು ಅರವತ್ತೊಂಬತ್ತು ಎಂದೆ. ನಾಲ್ಕು ದಿನದ ಅಂತರದಲ್ಲಿ ಅದು ನಿಜವಾಗಿತ್ತು. ಹುಡುಗಿ ಇನ್ನೊಂದು ಫೋನಿನಲ್ಲಿ ನನಗೆ ತಿಳಿಯದ ಭಾಷೆಯವರೊಡನೆ ತಡೆದು ತಡೆದು ಮಾತಾಡುವುದು ಕೇಳಿಸುತ್ತಿತ್ತು. ಮಾತು ನಿಂತಿತು. ಭಾವಮೈದ ಎದ್ದು ಬಂದು ನನ್ನ ಫೋನಿಗೆ ತಾನೂ ಕಿವಿ ಕೊಟ್ಟ.

"ಆಯ್ತು ಅಂಕಲ್. ಪಕ್ಕಾ ಆಯ್ತು. ನಿಮ್ಮಿಬ್ಬರ ಉಳಿದ ದಿನಗಳನ್ನೂ ನಾಳೆ ಬದಲಾಯಿಸ್ತೀನಿ. ಪಟ್ಟಿ ಇನ್ನೊಂದ್ಸಲ ಕಳ್ಸಿ. ಈ ಸಲ ದಯವಿಟ್ಟು ಮೇಲಿಂದ ಕೆಳಕ್ಕೆ."

ಫಾರಮ್ಮನ್ನು ಮಗುಚಿ ಖಾಲಿ ಬದಿಯಲ್ಲಿ ಬರೆಯಲು ಕುಳಿತೆ. ಗುಹೆಯ ಹಳ್ಳಿಯನ್ನು ಬರೆಯಲು ಕೈ ಅಭ್ಯಾಸದಂತೆ ತಳಕ್ಕೆ ಹೋಯಿತು. ಅದನ್ನು ಎತ್ತಿ ತಲೆಗೆ ತಂದು, 'ಒಂಬತ್ತು, ಗುಹೆಯ ಹಳ್ಳಿ' ಎಂದು ಬರೆದೆ. ಕೆಳಗೆ ಸಮುದ್ರ, ಅದರ ಕೆಳಗೆ ಪಟ್ಟಣ. ಪೆನ್ನು ಮುಚ್ಚಿದೆ.

ಭಾವಮೈದ ಹೆಗಲ ಮೇಲಿಂದ ಬಗ್ಗಿ ನೋಡಿದ. "ಮನೆಗೆ ಬರೋದು ಎಲ್ಲಿ?"

ಮೂವತ್ತಾರು ವರ್ಷ ಎಲ್ಲಕ್ಕೂ ಮೊದಲು ಬರೆದ ಸಾಲು ಅದು. ಬಿಟ್ಟುಹೋದದ್ದೇ ನನಗೆ ತಿಳಿದಿರಲಿಲ್ಲ.

"ಬರೀರಿ ಭಾವ," ಎಂದ. ಅವನ ದನಿ ತಗ್ಗಿತ್ತು. "ಗುಹೆ ಬಾಯಲ್ಲಿ ಕೂತಿರೋನು ಎಷ್ಟು ಹೊತ್ತು ಅಂತ ಕೂತಿರ್ಲಿ?"

ಪೆನ್ನು ತೆರೆದು ಬರೆದೆ. ಅವನು ನೆಲದ ಮೇಲೆ ಮಂಡಿಯೂರಿ ನನ್ನ ಹಿಮ್ಮಡಿಯ ಬಳಿಯ ಸೂಜಿ ಕಿತ್ತ.