ಬಲಗಡೆಯ ಕಂಬ

ಗೋಲ್‌ಕೀಪರ್ ಎಡಗಡೆಯ ಕಂಬವನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದಾಗ ಜನ ಹೋ ಎಂದು ನಕ್ಕರು. ಮ್ಯಾಚ್ ಶುರುವಾಗುವ ಮುಂಚೆ ಗೋಲಿನ ಎರಡೂ ಕಂಬಗಳನ್ನು ಅವನು ಹೀಗೇ ಕುಟ್ಟುತ್ತಾನೆಂದು ಊರಿಗೆಲ್ಲ ಗೊತ್ತು. ಈಗ ಹೊಸ ಕಟ್ಟಡದ ಹಾಲ್‌ನಲ್ಲಿ, ಲಿಫ್ಟಿನ ಅಕ್ಕಪಕ್ಕ ನಿಂತ ಎರಡು ದಪ್ಪ ಕಂಬಗಳ ನಡುವೆ ಫೋಟೋಗೆ ನಿಲ್ಲಿಸಿದರೆ ಅವನ ಕೈ ಸುಮ್ಮನಿದ್ದೀತೇ? "ಇನ್ನೊಂದು! ಇನ್ನೊಂದು!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅವನು ನಗುನಗುತ್ತಲೇ ಬಲಗಡೆಯ ಕಂಬಕ್ಕೆ ಹೋಗಿ ಕುಟ್ಟಿದ.

ನಗು ಅಲ್ಲಿಗೇ ನಿಂತಿತು. ಅವನದು ಮಾತ್ರ, ಉಳಿದವರು ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದರು. ಅವನು ಮತ್ತೊಮ್ಮೆ, ಸ್ವಲ್ಪ ಕೆಳಗೆ ಕುಟ್ಟಿ, ಧಣಿಯ ಮುಖ ನೋಡಿದ.

ಧಣಿಗೂ ಆ ಸದ್ದು ಕೇಳಿತ್ತು. ಇವತ್ತು ಕೋಟು ಹಾಕಿಕೊಂಡು, ಹತ್ತು ಕಟ್ಟಡಗಳ ಒಡೆಯನಾಗಿ, ಊರಿನ ಫುಟ್‌ಬಾಲ್ ತಂಡದ ಮಾಲೀಕನಾಗಿ ಎಲ್ಲರ ಬಾಯಲ್ಲಿ ಧಣಿ ಅನ್ನಿಸಿಕೊಂಡಿದ್ದರೂ ಅವನು ಮೊದಲು ಕಲಿತದ್ದು ಗಾರೆ ಕೆಲಸ. ಗಟ್ಟಿ ಕಂಬ ಕುಟ್ಟಿದರೆ ಮಾತಾಡುವುದಿಲ್ಲ, ಬೆರಳಿಗೆ ನೋವಾಗುತ್ತದೆ ಅಷ್ಟೆ. ಇದು ಮಾತಾಡಿತ್ತು. ಖಾಲಿ ಡಬ್ಬದ ಹಾಗೆ, ಡೊಬ್ ಎಂದು.

"ಗಾರೆ ಬಿಟ್ಕೊಂಡಿರ್ಬೇಕು ಧಣಿ," ಎಂದ ಪಕ್ಕದಲ್ಲಿದ್ದ ಮೇಸ್ತ್ರಿ, ಕೇಳುವ ಮೊದಲೇ. ಇಬ್ಬರೂ ಒಂದೇ ಏಣಿಯಲ್ಲಿ ಬುಟ್ಟಿ ಹೊತ್ತವರು. ಧಣಿ ಮೇಲೆ ಮೇಲೆ ಹೋದ, ಮೇಸ್ತ್ರಿ ಅವನ ಕಟ್ಟಡಗಳಲ್ಲೇ ಮೇಸ್ತ್ರಿಯಾಗಿ ಉಳಿದ. ಜನ ಇದ್ದಾಗ ಧಣಿ ಅನ್ನುತ್ತಾನೆ, ಇಲ್ಲದಿದ್ದಾಗ ಏಕವಚನ. "ನಾಳೆ ನೋಡ್ಕೊಳ್ಳೋಣ. ಮೊದ್ಲು ಕೀ ಕೊಟ್ಬಿಡಿ, ಪಾಪ ಎಲ್ರೂ ಕಾಯ್ತಿದಾರೆ."

ಕಾಯುತ್ತಿದ್ದದ್ದು ನಿಜ. ಹೋದ ವರ್ಷ ಫೈನಲ್ ಗೆದ್ದ ಸಂಜೆ, ಮೈದಾನದ ನಡುವೆ ನಿಂತು, ಗಂಟಲು ಕಟ್ಟುವವರೆಗೂ ಕೂಗಿ, ಧಣಿ ತಂಡದ ಒಬ್ಬೊಬ್ಬ ಆಟಗಾರನಿಗೂ ಆಗಿನ್ನೂ ಕೆಳಗಿನ ಕಂಬಗಳಷ್ಟೇ ಏಳುತ್ತಿದ್ದ ಈ ಕಟ್ಟಡದಲ್ಲಿ ಒಂದೊಂದು ಮನೆ ಕೊಡುತ್ತೇನೆಂದಿದ್ದ. ಸಂತೋಷದಲ್ಲಿ ಬಾಯಿಗೆ ಬಂದದ್ದು ಅಂದುಕೊಂಡವರೇ ಹೆಚ್ಚು. ಈಗ ಎಂಟು ಅಂತಸ್ತು ಎದ್ದು ನಿಂತಿತ್ತು. ಉಳಿದ ಮನೆಗಳನ್ನು ಕೊಂಡವರು ಹೊರಗೆ ವ್ಯಾನುಗಳಲ್ಲಿ ಮಂಚ, ಬೀರು, ಹಾಸಿಗೆಗಳನ್ನು ಏರಿಸಿಕೊಂಡು ಬಂದು, ಭಾಷಣ ಯಾವಾಗ ಮುಗಿಯುತ್ತದೋ ಎಂದು ಇಣುಕಿ ಇಣುಕಿ ನೋಡುತ್ತಿದ್ದರು. ಎರಡನೇ ಮಹಡಿಯಲ್ಲಿ, ಸರಿಯಾಗಿ ಈ ಕಂಬದ ಮೇಲಿನ ಮನೆಗೆ, ಧಣಿಯ ಅಕ್ಕನ ಮಗಳು ನಿನ್ನೆಯೇ ಬಂದಾಗಿತ್ತು. ಎರಡು ತಿಂಗಳ ಕೂಸು ಅವಳಿಗೆ. ಮೊದಲು ಕಾಲಿಡುವವಳು ನಮ್ಮ ಹುಡುಗಿಯೇ ಆಗಬೇಕೆಂದು ಧಣಿಯೇ ಹಟ ಹಿಡಿದು ಕರೆತಂದಿದ್ದ.

ಗೋಲ್‌ಕೀಪರ್ ಹತ್ತಿರ ಬಂದು ದನಿ ತಗ್ಗಿಸಿದ. "ಧಣಿ, ತಂಡಕ್ಕೆ ಸೇರೋಕೆ ಮುಂಚೆ ನಮ್ಮಪ್ಪನ ಜೊತೆ ಆರು ವರ್ಷ ಕಾಂಕ್ರೀಟಿಗೆ ಹಲಗೆ ಕಟ್ಟೋ ಸೆಂಟ್ರಿಂಗ್ ಕೆಲಸ ಮಾಡಿದೀನಿ. ಬರೀ ಗಾರೆ ಬಿಟ್ಟಿದ್ರೆ ಹೀಗೆ ಕೇಳ್ಸಲ್ಲ."

"ನೀನು ಬಾಲ್ ಹಿಡಿಯೋದು ನೋಡ್ಕೋಪ್ಪಾ," ಎಂದ ಮೇಸ್ತ್ರಿ.

ನಕ್ಕುಬಿಡುವುದು ಸುಲಭವಿತ್ತು. ಫೋಟೋದವನು ಕ್ಯಾಮೆರಾ ಹಿಡಿದೇ ನಿಂತಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ, ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಬೇಗ ಮುಗಿಸೋ ಎಂದು ಕೈಸನ್ನೆ ಮಾಡುತ್ತಿದ್ದಳು. ಧಣಿ ನಗಲು ಬಾಯಿ ತೆರೆದ. ತೆರೆದ ಬಾಯಲ್ಲಿ ಬಂದದ್ದು ಬೇರೆ ಮಾತು.

"ಸುತ್ತಿಗೆ ತನ್ನಿ. ಉಳಿನೂ."

ಜನ ಇದನ್ನೂ ತಮಾಷೆಯೆಂದೇ ತಿಳಿದರು. ಧಣಿಗೆ ಇಂಥ ನಾಟಕಗಳ ಚಟವಿತ್ತು. ತಂಡ ಕೊಂಡ ಹೊಸದರಲ್ಲಿ ತಾನೇ ಬೂಟು ಹಾಕಿಕೊಂಡು ಪೆನಾಲ್ಟಿ ಹೊಡೆಯಲು ಹೋಗಿ ಬಿದ್ದು ಕಾಲು ಉಳುಕಿಸಿಕೊಂಡವನು ಅವನು. ಕೋಟು ಬಿಚ್ಚಿ ಮೇಸ್ತ್ರಿಯ ಕೈಗಿತ್ತಾಗ ಸೀಟಿಗಳು ಬಿದ್ದವು. ಮೇಸ್ತ್ರಿ ಕೋಟು ಹಿಡಿದುಕೊಂಡು, "ಬೇಡ ಕಣೋ," ಎಂದ. ಜನರ ನಡುವೆ ಧಣಿ ಅನ್ನುವುದನ್ನು ಅವನು ಮರೆತದ್ದು ಅದೇ ಮೊದಲು. ಅದನ್ನು ಕೇಳಿದ್ದೇ ಧಣಿ, ಯಾರೋ ತಂದುಕೊಟ್ಟ ಉಳಿಯನ್ನು ಗಾರೆಗೆ ಒತ್ತಿ ಸುತ್ತಿಗೆ ಎತ್ತಿದ.

ಮೂರನೇ ಪೆಟ್ಟಿಗೆ ಗಾರೆ ತಟ್ಟೆಯಗಲ ಕಿತ್ತು ಬಂತು. ನಾಲ್ಕನೆಯದಕ್ಕೆ ಉಳಿ ಅವನ ಕೈಯಿಂದ ಜಾರಿ ಒಳಕ್ಕೆ ಹೋಯಿತು. ಕಂಬದ ಒಳಕ್ಕೆ! ಅದು ಎಲ್ಲೋ ಬಿದ್ದ ಸದ್ದು ಕೇಳಿ ಸೀಟಿ ಹೊಡೆಯುತ್ತಿದ್ದವರು ಬಾಯಿಂದ ಬೆರಳು ತೆಗೆದರು. ಧಣಿ ಕೈ ಹಾಕಿ ಎಳೆದ. ಮಡಚಿ ತುರುಕಿದ್ದ ಸಿಮೆಂಟ್ ಚೀಲ ಬಂತು. ಅದರ ಹಿಂದೆ ಇನ್ನೊಂದು ಬಂತು. ಆಮೇಲೆ ಅವನ ಕೈ ಮೊಣಕೈವರೆಗೂ ಒಳಗೆ ಹೋಯಿತು. ಕಾಂಕ್ರೀಟ್ ಇರಬೇಕಾದ ಕಡೆ ಕಾಂಕ್ರೀಟ್ ಇರಲಿಲ್ಲ. ಬಿಡಿ ಬಿಡಿ ಜಲ್ಲಿ ಬೆರಳಿಗೆ ಸಿಕ್ಕಿ ಉದುರಿತು, ತುಕ್ಕು ಹಿಡಿದ ಬರಿಯ ಕಬ್ಬಿಣ ಸಿಕ್ಕಿತು. ಎಂಟು ಅಂತಸ್ತು ಇದರ ಮೇಲೆ ನಿಂತಿದೆ ಎಂಬುದು ಮೊದಲು ಅವನ ಕೈಗೆ ಗೊತ್ತಾಯಿತು, ತಲೆಗೆ ಆಮೇಲೆ.

"ಯಾವತ್ತು ಹಾಕಿದ್ದು ಈ ಕಂಬ?"

ಮೇಸ್ತ್ರಿ ಕೋಟಿನ ಗುಂಡಿ ತಿರುವುತ್ತಿದ್ದ.

"ನಿನ್ನನ್ನೇ ಕೇಳ್ತಿರೋದು."

"ಫೈನಲ್ ದಿನ," ಎಂದ ಮೇಸ್ತ್ರಿ.

ಆ ದಿನ ಏನಾಯಿತೆಂದು ಹಾಲ್‌ನಲ್ಲಿದ್ದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಧಣಿಯ ಎಲ್ಲ ಕಟ್ಟಡಗಳ ಕೆಲಸಗಾರರಿಗೂ ಅವತ್ತು ಅರ್ಧ ದಿನ ರಜೆ, ಪೂರ್ತಿ ಕೂಲಿ, ತಲೆಗೊಂದು ಹಳದಿ ಅಂಗಿ. ಮೂವತ್ತು ಲಾರಿ ಜನ ಹೋಗಿ ಸ್ಟೇಡಿಯಂನ ಒಂದು ಬದಿಯನ್ನೇ ಹಳದಿ ಮಾಡಿ ಕೂತಿದ್ದರು. ಅವರ ಕೂಗಿಗೇ ಎದುರಾಳಿಗಳ ಕಾಲು ನಡುಗಿತು ಎಂದು ಪೇಪರಿನವರು ಬರೆದರು. ಕೂಲಿಯವರನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಮಾಲೀಕ ಎಲ್ಲಿದ್ದಾನೆ ಎಂದು ಊರು ಹೊಗಳಿತು. ಧಣಿ ಆ ಪೇಪರಿಗೆ ಕಟ್ಟು ಹಾಕಿಸಿ ಇಟ್ಟುಕೊಂಡಿದ್ದ. ಹನ್ನೆರಡು ಹೊಡೆಯುವಷ್ಟರಲ್ಲಿ ಎಲ್ಲರೂ ಲಾರಿ ಹತ್ತಿರಬೇಕು, ಒಬ್ಬ ಹಿಂದೆ ಬಿದ್ದರೂ ನಾನು ಕೇಳುವವನಲ್ಲ ಎಂದು ಅಪ್ಪಣೆ ಮಾಡಿದವನು ಅವನೇ.

"ಏಳು ಕಂಬ ಸರಿಯಾಗೇ ಆಗಿತ್ತು," ಎಂದ ಮೇಸ್ತ್ರಿ. ಈಗ ಅವನು ಮೆಲ್ಲಗೆ ಮಾತಾಡುವ ಗೋಜಿಗೂ ಹೋಗಲಿಲ್ಲ. "ಎಂಟನೇದು ಅರ್ಧ ಸುರಿದಿದ್ವಿ. ಲಾರಿಯೋನು ಒಂದೇ ಸಮ ಹಾರ್ನ್ ಹೊಡೀತಿದ್ದ. ವೈಬ್ರೇಟರ್ ಹಿಡ್ಕೊಂಡು ಕಾಂಕ್ರೀಟ್ ಕೂರಿಸ್ತಿದ್ದೋನು ಅದನ್ನ ಅಲ್ಲೇ ಬಿಸಾಕಿ ಓಡಿಹೋಗಿ ಹತ್ಕೊಂಡ. ಉಳಿದಿದ್ದನ್ನ ನಾನೊಬ್ನೇ ಸುರಿದು, ಸರಳಲ್ಲಿ ನಾಲ್ಕು ಸಲ ಕುಕ್ಕಿ, ಕೊನೇ ಲಾರಿ ಹಿಡಿದೆ."

"ಹೇಳ್ಬಾರ್ದಾಗಿತ್ತೇನೋ ನಂಗೆ!"

"ಬಂದಿದ್ದೆ ಕಣೋ. ಹಲಗೆ ಬಿಚ್ಚಿ ತೂತು ನೋಡಿದ್ನಲ್ಲ, ಅವತ್ತೇ ನಿನ್ನ ಆಫೀಸಿಗೆ ಬಂದೆ. ನೀನು ಓಡ್ಬಂದು ತಬ್ಕೊಂಡೆ. ಇವನಿಲ್ದೆ ನಾನಿಲ್ಲ ಅಂತ ಎಲ್ರೆದುರಿಗೆ ಅಂದು, ಕಪ್ ನನ್ ಕೈಗೆ ಕೊಟ್ಟು ಫೋಟೋ ತೆಗೆಸ್ದೆ. ಕಪ್ ಹಿಡ್ಕೊಂಡು ಹೆಂಗೆ ಹೇಳ್ಲಿ? ನಾಳೆ ಹೇಳೋಣ ಅಂದ್ಕೊಂಡೆ. ಮಾರನೇ ದಿನ ಹೋದಾಗ ಮೇಲಿನ ಸ್ಲ್ಯಾಬಿಗೆ ಕಬ್ಬಿಣ ಕಟ್ತಿದ್ರು. ತೂತಿಗೆ ಚೀಲ ತುರುಕಿ ಗಾರೆ ಮೆತ್ಬಿಟ್ಟೆ."

ಧಣಿಗೆ ಅವನನ್ನು ಹೊಡೆಯಬೇಕೆನ್ನಿಸಿತು. ಕೈಯಲ್ಲಿ ಸುತ್ತಿಗೆಯೂ ಇತ್ತು. ಆದರೆ ಯಾರಿಗೆ ಹೊಡೆಯುವುದು? ಹಾರ್ನ್ ಹೊಡೆದವನಿಗೋ, ಓಡಿ ಹತ್ತಿದವನಿಗೋ? ಲಾರಿ ಕಳಿಸಿದವನು ತಾನು. ಅವನ ಕಾಲ ಬಳಿ ಜಲ್ಲಿ ಇನ್ನೂ ಒಂದೊಂದೇ ಉದುರುತ್ತಿತ್ತು.

"ಅಯ್ಯೋ, ಅವತ್ತು ಸ್ಟೇಡಿಯಂನಲ್ಲಿ ನಾನೂ ನಿನ್ನ ಪಕ್ಕದಲ್ಲೇ ಕೂತಿದ್ನಲ್ಲೋ," ಎಂದಳು ಅಕ್ಕ. "ಲಾರಿ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ್ನಲ್ಲೋ." ಅಂದವಳೇ ಎರಡೂ ಕೈ ಬಾಯಿಗಿಟ್ಟುಕೊಂಡು ಛಾವಣಿ ನೋಡಿದಳು. "ಮೇಲೆ ಮಗು!"

ಎಲ್ಲರಿಗಿಂತ ಮುಂಚೆ ಹೊರಟವನು ಗೋಲ್‌ಕೀಪರ್. ಮೂರು ಮೂರು ಮೆಟ್ಟಿಲು ಹಾರುತ್ತ ಅವನು ಮೇಲೆ ಹೋದದ್ದು ಕಂಡಿತು. ಧಣಿ ಅರಚಿದ. "ಹೊರಗೆ ನಡೀರಿ! ಎಲ್ಲಾ ಹೊರಗೆ! ಓಡಬೇಡಿ, ಕಾಲು ಜೋರಾಗಿ ಹಾಕಬೇಡಿ!" ಓಡದೆ ಬೇಗ ಹೋಗುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ನೂರೈವತ್ತು ಜನ ಕನ್ನಡಿಯ ಮೇಲೆ ನಡೆದ ಹಾಗೆ ಹೆಜ್ಜೆಯಿಟ್ಟು ಬಾಗಿಲ ಕಡೆ ಸರಿದರು. ಒಂದು ಕುರ್ಚಿ ಮಗುಚಿಬಿದ್ದ ಸದ್ದಿಗೆ ಎಲ್ಲರೂ ಬೆಚ್ಚಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಹೊರಗೆ ವ್ಯಾನಿನಿಂದ ಬೀರು ಇಳಿಸುತ್ತಿದ್ದವರು ಅದನ್ನು ಇಳಿಸಬೇಕೋ ಏರಿಸಬೇಕೋ ತಿಳಿಯದೆ ಎತ್ತಿ ಹಿಡಿದೇ ನಿಂತರು.

ಹಾಲ್‌ನಲ್ಲಿ ಧಣಿ ಒಬ್ಬನೇ ಉಳಿದ. ಅಕ್ಕನನ್ನು ಮೇಸ್ತ್ರಿ ತೋಳು ಹಿಡಿದು ಹೊರಗೆ ಕರೆದೊಯ್ದಿದ್ದ. ಮೆಟ್ಟಿಲ ಮೇಲೆ ಕಾಲ ಸಪ್ಪಳ ಕೇಳುವವರೆಗಿನ ಆ ಒಂದೆರಡು ನಿಮಿಷ ಧಣಿ ಕಂಬಕ್ಕೆ ಅಂಗೈ ಒತ್ತಿಕೊಂಡು ನಿಂತಿದ್ದ. ಹಾಗೆ ಒತ್ತಿದರೆ ಏನೂ ಆಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಕೈ ತೆಗೆಯಲು ಧೈರ್ಯ ಬರಲಿಲ್ಲ.

ಅಕ್ಕನ ಮಗಳು ಇಳಿದು ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಒಂದರಲ್ಲಿ ಇರಲಿಲ್ಲ. ಮಗು ಅವಳ ಭುಜದ ಮೇಲೆ ನಿದ್ದೆಹೋಗಿತ್ತು. ಹಿಂದೆ ಗೋಲ್‌ಕೀಪರ್, ಅವಳು ಎಡವಿದರೆ ಹಿಡಿಯುವವನಂತೆ ಎರಡೂ ಕೈ ಮುಂದೆ ಚಾಚಿಕೊಂಡಿದ್ದ. ಅವಳು ಒಡೆದ ಕಂಬವನ್ನು ನೋಡಿದಳು, ನೆಲದ ಮೇಲಿದ್ದ ಚೀಲಗಳನ್ನು ನೋಡಿದಳು.

"ಕೊಡಮ್ಮ, ಮಗೂನ ನಾನು ಎತ್ಕೋತೀನಿ," ಎಂದು ಧಣಿ ಕೈ ಚಾಚಿದ. "ನಂಗೆ ಗೊತ್ತಿರ್ಲಿಲ್ಲ ಕಣಮ್ಮ. ನಿಜವಾಗ್ಲೂ ಗೊತ್ತಿರ್ಲಿಲ್ಲ."

"ನಿನ್ನೆ ಕೇಳಿದ್ನಲ್ಲ ಮಾವ, ಎಲ್ಲಾ ಸರಿಯಾಗಿ ನೋಡಿದ್ಯಾ ಅಂತ. ಹೂಂ ಅಂದ್ಯಲ್ಲ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಒಳ್ಳೆಯದಿತ್ತು ಎಂದು ಧಣಿಗೆ ಅನ್ನಿಸಿತು. ಅವನ ಕೈ ಚಾಚಿಕೊಂಡೇ ಇತ್ತು. ಅವಳು ಮಗುವನ್ನು ಮೆಲ್ಲಗೆ ಆಚೆ ಭುಜಕ್ಕೆ ಬದಲಾಯಿಸಿಕೊಂಡು ಅವನನ್ನು ಬಳಸಿ ನಡೆದಳು.

ಬಿಸಿಲಿಗೆ ಹೋಗಿ, ವ್ಯಾನುಗಳನ್ನೂ ದಾಟಿ, ಕಟ್ಟಡದ ನೆರಳು ಮುಗಿಯುವ ಕಡೆ ಅವಳು ನಿಂತಳು. ಅಲ್ಲಿ ನಿಂತು, ತುಟಿ ಮುಂದೆ ಮಾಡಿ, ಮಗುವಿನ ನೆತ್ತಿಯ ಮೇಲೆ ಕೂತಿದ್ದ ಗಾರೆಯ ಬಿಳಿ ಪುಡಿಯನ್ನು ಮೆತ್ತಗೆ ಊದತೊಡಗಿದಳು.