ಯೂಜೆನಿ ರಾಣಿಗೆ ಸಿಗದ ಹುಲ್ಲು

ವರ್ಷದ ತಿಥಿಗೆ ಇನ್ನೆರಡು ದಿನವಿದೆ ಎನ್ನುವಾಗ ತಿಮ್ಮಯ್ಯ, ತಾವು ನೆಲೆಸಿದ್ದ ಪರದೇಶದ ಊರು ಮೇನೂತಿನಾಚೆಯ ರಸ್ತೆಯಂಚಿನ ಕೆಲಸ ಮುಗಿಸಿದ. ಮಗ ಹೃಷಿಕೇಶ್ ಸೈಕಲ್ಲಿನಿಂದ ಬಿದ್ದು ಪ್ರಾಣ ಬಿಟ್ಟ ಜಾಗ ಅದು. ಹೆಂಡತಿ ಸಾವಿತ್ರಿ ವರ್ಷವಿಡೀ ಅತ್ತ ಸುಳಿದಿರಲಿಲ್ಲ. ಈಗ ತಾನಾಗಿಯೇ, "ಒಂದ್ಸಲ ನೋಡ್ಬೇಕು ಕಣ್ರೀ" ಎಂದಿದ್ದಳು. ಅವಳನ್ನು ಮುಳ್ಳುಕಸದ ನಡುವೆ ನಿಲ್ಲಿಸಲು ತಿಮ್ಮಯ್ಯನಿಗೆ ಮನಸ್ಸು ಬರಲಿಲ್ಲ. ಡಾಕ್ಟರಾದರೂ ಮಂಡ್ಯ ಕಡೆಯ ರೈತನ ಮಗ. ಕೈ ಕುಡುಗೋಲನ್ನು ಮರೆತಿರಲಿಲ್ಲ. ಗದ್ದೆಯ ಬದು ಸವರುವ ಹಾಗೆ ಹುಲ್ಲು, ತುರಚೆ ಗಿಡ ಎಲ್ಲವನ್ನೂ ಸವರಿ, ಬೇರು ಕಿತ್ತು, ಬಿಳಿ ಜಲ್ಲಿ ಹಾಸಿದ.

ಮಗಳು ಅದಿತಿ ಬುತ್ತಿ ತಂದಳು. ಮೇನೂತಿನ ಯೂನಿವರ್ಸಿಟಿಯಲ್ಲಿ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿಯ ಮೇಲೆ ಪ್ರಬಂಧ ಬರೆಯುತ್ತಿದ್ದ ಹುಡುಗಿ. ಜಲ್ಲಿಯನ್ನು ಶೂ ತುದಿಯಿಂದ ಸರಿಸಿ ನೋಡಿದಳು.

"ಯಾಕವ್ವ, ಚೆನ್ನಾಗಿಲ್ವಾ?"

"ಗ್ರಾಂಡ್ ಆಗಿದೆ ಅಪ್ಪ. ಆದ್ರೆ..."

"ಆದ್ರೆ ಅಂತ ನುಂಗ್ಬೇಡ, ಹೇಳು."

"ನನ್ನ ರಾಣಿಗೂ ಒಬ್ನೇ ಮಗ. ಸಿಂಹಾಸನ ಹೋಯ್ತು, ಗಂಡ ಹೋದ. ಆಮೇಲೆ ಮಗನೂ ಆಫ್ರಿಕಾದ ಯುದ್ಧದಲ್ಲಿ ಸತ್ತ. ಮರುವರ್ಷ ಹಡಗು ಹತ್ತಿ ಆ ಜಾಗಕ್ಕೇ ಹೋದ್ಳು. ಅವನು ಬಿದ್ದ ಹುಲ್ಲನ್ನ ನೋಡ್ಬೇಕಿತ್ತು ಅವಳಿಗೆ. ಹೋದ್ರೆ ಹುಲ್ಲೆಲ್ಲ ತೆಗ್ದು, ಸಿಮೆಂಟ್ ಹಾಕಿ, ಬೇಲಿ ಕಟ್ಟಿ ಕ್ಲೀನ್ ಮಾಡಿಟ್ಟಿದ್ರಂತೆ. ಗೌರವಕ್ಕೇ ಮಾಡಿದ್ದು ಅಪ್ಪ."

ತಿಮ್ಮಯ್ಯ ಕುಡುಗೋಲು ಒರೆಸುತ್ತ ಕೇಳಿದ. "ಆಮೇಲೆ?"

"ಇನ್ನೂ ನಲವತ್ತು ವರ್ಷ ಬದುಕಿದ್ಳು. ಗಂಡ, ಮಗ ಇಬ್ರಿಗೂ ಅಂತ ಇಂಗ್ಲೆಂಡಲ್ಲಿ ಒಂದು ಚರ್ಚ್ ಕಟ್ಸಿದ್ಳು. ಇವತ್ತೂ ಇದೆ."

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

"ನೀವಿಲ್ಲಿ ಏನ್ ಮಾಡ್ತಿದೀರಿ ಅಂತ ಯಾರಿಗೆ ಹೇಳಿದ್ರಿ?"

ಕಿತ್ತ ಹುಲ್ಲು ಎರಡು ದಿನದಲ್ಲಿ ಬೆಳೆಯುವುದಿಲ್ಲವೆಂದು ರೈತನ ಮಗನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬುತ್ತಿಯ ಮುಚ್ಚಳ ತೆಗೆಯದೆ ಪಕ್ಕಕ್ಕಿಟ್ಟ.

ತಿಥಿಯ ದಿನ ಬೆಳಿಗ್ಗೆ ಸಾವಿತ್ರಿ ಕಾರಿನಿಂದ ಇಳಿದವಳು ಜಲ್ಲಿಯ ಅಂಚಿನಲ್ಲೇ ನಿಂತಳು.

"ಇಲ್ಲೇನಾ?"

"ಇಲ್ಲೇ. ನಿಂಗೆ ಚೆನ್ನಾಗಿ ಕಾಣ್ಲಿ ಅಂತ ಎಲ್ಲ ಕಿತ್ತುಬಿಟ್ಟೆ. ತಪ್ಪಾಯ್ತು ಸಾವಿತ್ರಿ."

ಲಾರಿಯೊಂದು ಹಾದುಹೋಗಿ ಅವಳ ಸೆರಗು ಹಾರಿತು.

"ಮಣ್ಣೂ ಬದಲಾಯಿಸಿದ್ರಾ?"

"ಇಲ್ಲ. ಅದು ಮೊದ್ಲಿದ್ದಿದ್ದೇ."

ಸಾವಿತ್ರಿ ಕುಕ್ಕರಗಾಲಲ್ಲಿ ಕೂತು ಜಲ್ಲಿಯನ್ನು ಒಂದೊಂದಾಗಿ ಆಯತೊಡಗಿದಳು. ಅಂಗೈಯಗಲ ಕಪ್ಪು ಮಣ್ಣು ಕಂಡಾಗ ಅದರ ಮೇಲೆ ಕೈಯಿಟ್ಟು ಹಾಗೇ ಉಳಿದಳು. ತಿಮ್ಮಯ್ಯ ಅವಳ ಪಕ್ಕದಲ್ಲಿ ಕೂತು, ಉಳಿದ ಕಲ್ಲುಗಳನ್ನು ಸದ್ದಾಗದ ಹಾಗೆ ಪಕ್ಕಕ್ಕೆ ಸರಿಸುತ್ತ ಹೋದ.