ನಡುಗೆರೆಯ ಪಾಚಿ

ಮೂರನೆಯವಳು ಬಂದವಳೇ ಮಂಡಿಯೂರಿ ಕೂತಳು. ತಮ್ಮನಿಗೆ ಅಷ್ಟಕ್ಕೇ ಅರ್ಧ ನಂಬಿಕೆ ಬಂತು.

ಕಾಂಕ್ರೀಟ್ ದಾರಿ ತೊಳೆಯಲು ಅವನು ಕರೆದಿದ್ದ ಮೊದಲನೆಯವನು ಫೋಟೋ ಕಳಿಸಿದರೆ ಸಾಕು ಎಂದಿದ್ದ. ಎರಡನೆಯವನು ವ್ಯಾನಿನಿಂದ ಇಳಿಯದೆ, "ಆ್ಯಸಿಡ್ ಹೊಡೆದ್ರೆ ಪಳಪಳ ಅನ್ನುತ್ತೆ ಸಾರ್" ಎಂದು ಕಿಟಕಿಯಿಂದಲೇ ಭರವಸೆ ಕೊಟ್ಟು ಹೋಗಿದ್ದ. ಈಕೆ ಐವತ್ತರ ಆಸುಪಾಸಿನವಳು. ಮೊಣಕಾಲಿನವರೆಗೆ ರಬ್ಬರ್ ಬೂಟು. ಫೋನಿನಲ್ಲಿ "ಬೂಟಮ್ಮ ಅಂದ್ರೆ ಸಾಕು, ಎಲ್ರಿಗೂ ಗೊತ್ತು" ಎಂದಿದ್ದಳು. ಕೀಲಿಯ ತುದಿಯಿಂದ ಕಾಂಕ್ರೀಟನ್ನು ಕೆರೆದು, ಅಂಟಿಬಂದ ಹಸಿರನ್ನು ಮೂಸಿ ನೋಡಿದಳು.

"ಇಲ್ಲಿ ಯಾರಾದ್ರೂ ಜಾರಿದ್ರಾ?"

"ಅಮ್ಮ. ಒಂದೂವರೆ ತಿಂಗಳಾಯ್ತು. ಸೊಂಟದ ಮೂಳೆ ಮುರೀತು. ಶನಿವಾರ ಮನೆಗೆ ಬರ್ತಾಳೆ, ವಾಕರ್ ಹಿಡ್ಕೊಂಡು."

ಬರುತ್ತಾಳೋ ಇಲ್ಲವೋ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಗೇಟು ಒಂದೇ, ದಾರಿಯೂ ಒಂದೇ. ಕೊನೆಯಲ್ಲಿ ಮಾತ್ರ ಎರಡು ಮನೆ. ಅಪ್ಪ ಕಾಂಕ್ರೀಟ್ ಹಾಕಿಸುವಾಗ, ಬಿರುಕು ಬಿಡದಿರಲೆಂದು ನಡುವೆ ಉದ್ದಕ್ಕೆ ಒಂದು ಸಂದು ಬಿಡಿಸಿದ್ದ. ಅದನ್ನು ಗಡಿ ಮಾಡಿಕೊಂಡವರು ಮಕ್ಕಳು. ಎಡಕ್ಕೆ ಅಣ್ಣ, ಬಲಕ್ಕೆ ತಮ್ಮ. ಅಮ್ಮ ಬಿದ್ದದ್ದು ಸಂದಿನಿಂದ ಒಂದು ಗೇಣು ಆಚೆ, ಅಣ್ಣನ ಕಡೆ. ಅಂದು ಆಸ್ಪತ್ರೆಯ ಕಾರಿಡಾರಿನಲ್ಲಿ ತಮ್ಮ ನಾಲಿಗೆ ಹರಿಬಿಟ್ಟಿದ್ದ. "ನಿನ್ನ ಕಡೆ ಪಾಚಿ ಸಾಕಿ ಅಮ್ಮನ್ನ ಮಲಗಿಸಿಬಿಟ್ಟೆ." ಅಣ್ಣ ತುಟಿ ಬಿಚ್ಚಲಿಲ್ಲ. ಆಮೇಲೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಅಮ್ಮನನ್ನು ನೋಡಲು ಹೋಗತೊಡಗಿದರು. ಹಾಸಿಗೆ ಪಕ್ಕದ ಕುರ್ಚಿ ಬೆಚ್ಚಗಿದ್ದರೆ, ಅಣ್ಣ ಈಗಷ್ಟೇ ಎದ್ದು ಹೋದನೆಂದು ತಮ್ಮನಿಗೆ ತಿಳಿಯುತ್ತಿತ್ತು.

ಕಳೆದ ವಾರ ಅಮ್ಮ ಹೇಳಿಬಿಟ್ಟಿದ್ದಳು: "ಇಬ್ರೂ ಒಟ್ಟಿಗೆ ಗೇಟಿಗೆ ಬಂದ್ರೆ ಮಾತ್ರ ನಾನು ಒಳಗೆ ಕಾಲಿಡೋದು. ಇಲ್ದಿದ್ರೆ ಇಲ್ಲೇ ಇರ್ತೀನಿ. ಇಲ್ಲಿಯ ಸಾರಿಗೆ ಉಪ್ಪಿಲ್ಲ, ನಿಮ್ಮ ಮನೇಲಿ ಮಾತಿಲ್ಲ. ಉಪ್ಪಿಲ್ದಿದ್ರೂ ಬದುಕ್ತೀನಿ."

ತಮ್ಮ ಅದಕ್ಕೊಂದು ಉಪಾಯ ಹುಡುಕಿಕೊಂಡಿದ್ದ. ತನ್ನ ಅರ್ಧ ಬೆಳ್ಳಗಾದರೆ ತಪ್ಪು ಯಾರದೆಂದು ನೆಲವೇ ಹೇಳುತ್ತದೆ. ಅಣ್ಣನೇ ತಲೆ ತಗ್ಗಿಸಿ ಬರುತ್ತಾನೆ.

"ಬಲಗಡೆ ಮಾತ್ರ ತೊಳೀರಿ," ಎಂದ.

ಬೂಟಮ್ಮ ತಲೆಯೆತ್ತಿದಳು. "ಅರ್ಧ ಮುಖಕ್ಕೆ ಸೋಪು ಹಚ್ಕೊಂಡು ಕೆಲಸಕ್ಕೆ ಹೋಗ್ತೀರಾ ನೀವು?"

"ಆ ಕಡೆ ನಮ್ಮಣ್ಣಂದು."

"ಓ. ನೀರು ಹೊಡೆಯೋ ಮಷೀನು ಆಮೇಲೆ. ನೀರು ಎಲ್ಲಿಂದ ಬರ್ತಿದೆ ಅಂತ ನೋಡದೆ ನಾನು ಪಾಚಿ ಮುಟ್ಟಲ್ಲ. ಸುಮ್ನೆ ತೊಳೆದ್ರೆ ಎರಡು ತಿಂಗಳಿಗೆ ಮತ್ತೆ ಹಸಿರಾಗುತ್ತೆ, ನೀವು ನನ್ನ ಬೈತೀರಿ."

ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕದಡಿ, ಮಗ್ಗು ಹಿಡಿದು ನಿಂತಳು. "ಅಣ್ಣನ ತಾರಸಿ ಪೈಪಿನ ಹತ್ರ ಸುರೀರಿ," ಎಂದ ತಮ್ಮ, ಕಳ್ಳನನ್ನು ತೋರಿಸಿಕೊಡುವವನ ಹಾಗೆ. ಸುರಿದಳು. ನೀಲಿ ನೀರು ಗೋಡೆಯ ಬುಡ ಹಿಡಿದು ನೆಟ್ಟಗೆ ಚರಂಡಿಗೆ ಇಳಿದು ಹೋಯಿತು.

ಬೂಟಮ್ಮ ಈಗ ಬಲಗಡೆಗೆ ಬಂದು ಹೂಕುಂಡಗಳನ್ನು ಸರಿಸಿದಳು. ಹಿಂದೆ ತಮ್ಮನ ನಲ್ಲಿ. ತುದಿಯಲ್ಲಿ ಒಂದು ಹನಿ ತೂಗಿ ಬಿತ್ತು. ಇನ್ನೊಂದು ತೂಗಿತು. ಅದರ ಕೆಳಗೇ ಮಗ್ಗು ಬಗ್ಗಿಸಿದಳು. ನೀಲಿ ಗೆರೆ ಮೆಲ್ಲಗೆ ತೆವಳಿತು. ಇಳಿಜಾರಿನಲ್ಲಿ ಓರೆಯಾಗಿ ಸಾಗಿ, ಸಂದನ್ನು ದಾಟಿ, ಅಣ್ಣನ ಕಡೆ ಒಂದು ತಟ್ಟೆಯಗಲದ ತಗ್ಗಿನಲ್ಲಿ ನಿಂತಿತು. ಅಮ್ಮ ಬಿದ್ದ ಜಾಗ.

ತಮ್ಮ ಬಗ್ಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ; ಹನಿ ನಿಲ್ಲಲಿಲ್ಲ. ಅದಕ್ಕೆ ಹೊಸ ವಾಷರ್ ಹಾಕಿಸಬೇಕೆಂದು ಅವನ ಹೆಂಡತಿ ಎಷ್ಟು ಸಲ ಹೇಳಿದ್ದಳೋ.

"ಈಗ ಹೇಳಿ," ಎಂದಳು ಬೂಟಮ್ಮ. "ಯಾವ ಕಡೆ ತೊಳೀಲಿ?"

ಅವನು ಸಂದು ದಾಟಿದ. ಹತ್ತು ಹೆಜ್ಜೆ. ಬಾಗಿಲು ತಟ್ಟಿದಾಗ ಅಣ್ಣ ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದು ನಿಂತ.

"ಕಾರು ತೆಗೀತೀಯಾ? ಇಡೀ ದಾರಿ ತೊಳೀಬೇಕು."

"ನನ್ನ ಕಡೆ ಗಲೀಜು ಅಂತಾನಾ?"

"ನೀರು ನನ್ನ ನಲ್ಲೀದು. ಆವತ್ತು ಆಸ್ಪತ್ರೇಲಿ ಹಾಗೆ ಅನ್ನಬಾರದಿತ್ತು."

ಅಣ್ಣ ಅವನ ಭುಜದಾಚೆ ನೀಲಿ ಗೆರೆಯನ್ನು ನೋಡಿದ. "ನಿನ್ನ ನೀರೇ ಅಂತ ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ಯಾ?"

"ಆ ನಲ್ಲಿ ತೊಟ್ಟಿಕ್ಕೋದು ನನ್ನ ಕಿಟಕಿಗೆ ಕೇಳ್ತಿತ್ತು. ತಿಂಗಳುಗಟ್ಟಲೆ. ಅಮ್ಮ ಬೀಳೋಕೆ ಮುಂಚೆ ಒಂದು ಮಾತು ಹೇಳಬಹುದಿತ್ತು. ಅವನೇ ನೋಡ್ಕೊಳ್ಲಿ ಅಂತ ಕೂತೆ. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?"

ಅಣ್ಣ ಒಳಗೆ ಹೋಗಿ ಕಾರಿನ ಕೀಲಿ ತಂದ.

"ಶನಿವಾರ ಎಷ್ಟೊತ್ತಿಗೆ?"

"ಹತ್ತಕ್ಕೆ."

"ಬೇಗ ಹೋಗಿ ಗೇಟು ತೆಗೆದಿಡೋಣ. ಕಾಯಿಸಿದ್ರೆ ಅದಕ್ಕೂ ಬೈತಾಳೆ."

ಬೂಟಮ್ಮ ಮಷೀನಿನ ಪೈಪಿನ ಸುರುಳಿ ಬಿಚ್ಚುತ್ತಿದ್ದಳು. ಅಣ್ಣ ಕಾರನ್ನು ಹಿಂದಕ್ಕೆ ತೆಗೆಯತೊಡಗಿದ. ದಾರಿ ಕಿರಿದು, ಹಿಂದೆ ಹೂಕುಂಡಗಳು. ತಮ್ಮ ಕಾರಿನ ಹಿಂಬದಿಗೆ ಹೋಗಿ, ಸಂದಿನ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತು, ಕೈ ಆಡಿಸುತ್ತಾ ಹೇಳಿದ: "ಬಾ... ಬಾ... ಇನ್ನೂ ಜಾಗ ಇದೆ, ಬಾ."